ಕಾಯಕದ ಋಣ

ಶರಣಧರ್ಮವು ಗೃಹಸ್ಥನನ್ನು ಮನೆ ಬಿಟ್ಟು ಕಾಡು ಸೇರೆಂದು ಕರೆಯಲಿಲ್ಲ. ಮನೆಯಲ್ಲಿದ್ದುಕೊಂಡೇ, ಸತಿಸುತರೊಡನೆ ಬಾಳುತ್ತಲೇ, ಕಾಯಕದಿಂದ ಗಳಿಸಿ, ದಾಸೋಹದಿಂದ ಸವೆಸಿ, ಅಂಗವನ್ನು ಲಿಂಗಕ್ಕೆ ಒಪ್ಪಿಸಬಹುದೆಂಬುದೇ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಪ್ರಮಥರು ತೋರಿದ ಹೊಸ ಹಾದಿ. ಆದುದರಿಂದ ಭಕ್ತನ ಮನೆಯು ಮಳೆಬಿಸಿಲುಗಳನ್ನು ತಡೆಯುವ ಸೂರು ಮಾತ್ರವಲ್ಲ. ಅದು ಲಿಂಗಾರ್ಚನೆಯ ನೆಲೆ, ಜಂಗಮನು ಪಾದವಿಡುವ ಅಂಗಳ, ಪ್ರಸಾದವು ಸಿದ್ಧವಾಗುವ ಪಾಕಶಾಲೆ. ಬಸವಣ್ಣನವರ ಮನೆಯು ಮಹಾಮನೆಯೆನಿಸಿದುದು ಅದರ ಕಂಬ ತೊಲೆಗಳ ದೊಡ್ಡಸ್ತಿಕೆಯಿಂದಲ್ಲ, ಅಲ್ಲಿ ನಡೆದ ದಾಸೋಹದಿಂದ.

ಹೀಗಿರಲು, ಮನೆಯನ್ನು ಕಟ್ಟಿಸುವಾಗ ಅಥವಾ ಹಿರಿಯರು ಬಿಟ್ಟುಹೋದ ಹಳೆಯ ಮನೆಯನ್ನು ದುರಸ್ತಿ ಮಾಡಿಸುವಾಗ, ಸದ್ಭಕ್ತನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ಗೋಡೆಗೆ ಸುಣ್ಣ ಬಿತ್ತೇ, ನೆಲಕ್ಕೆ ಹಾಸು ಕೂತಿತೇ, ಬಾಗಿಲಿಗೆ ತೋರಣ ಬಂತೇ ಎಂಬುದನ್ನು ಎಲ್ಲರೂ ಕೇಳುವರು. ಆ ಗೋಡೆಯನ್ನೆತ್ತಿದ ಕೈಗಳಿಗೆ ಸಲ್ಲಬೇಕಾದುದು ಸಂದಿತೇ ಎಂದು ಕೇಳಿಕೊಳ್ಳುವವರು ವಿರಳ.

ಊರೂರಿನಲ್ಲಿಯೂ ಕಂಡುಬರುವ ಸಂಗತಿಯಿದು. ಮಾಡಿನ ಹೆಂಚುಗಳನ್ನಿಳಿಸಿ ತಾರಸಿ ಹಾಕಬೇಕು, ಪಡಸಾಲೆಯ ನೆಲವನ್ನು ಕಿತ್ತು ಟೈಲ್ಸ್ ಕೂಡಿಸಬೇಕು, ಬಚ್ಚಲನ್ನು ಹೊಸದಾಗಿ ಮಾಡಬೇಕು ಎಂದು ಗೃಹಸ್ಥನು ಮೇಸ್ತ್ರಿಯನ್ನು ಕರೆದು ಗುತ್ತಿಗೆ ಕೊಡುತ್ತಾನೆ. ಮುಂಗಡವನ್ನು ಸಂತೋಷದಿಂದ ಎಣಿಸುತ್ತಾನೆ. ಕೆಲಸ ನಡೆಯುತ್ತಿರುವಾಗ ಚಹಾ ಕೊಡಿಸಿ, ಮೇಸ್ತ್ರಿಯನ್ನು ಅಣ್ಣಾ ಎಂದು ಕರೆಯುತ್ತಾನೆ. ಕೆಲಸ ಮುಗಿಯುತ್ತ ಬಂದಂತೆ ಆ ಮಾತಿನ ಬಿಸುಪು ಇಳಿಯುತ್ತದೆ. ಕೊನೆಯ ಕಂತಿನ ಹೊತ್ತಿಗೆ ಸಂಕೋಚವು ತಲೆಹಾಕುತ್ತದೆ. ‘ಇಂದು ಸೋಮವಾರ, ಹಣ ಕೊಡುವ ದಿನವಲ್ಲ’, ‘ಗೃಹಪ್ರವೇಶವಾಗಲಿ’, ‘ಒಂದು ಮಳೆಗಾಲ ಕಳೆಯಲಿ, ಸೋರುವುದೋ ನೋಡೋಣ’, ‘ಮಗನು ಬರಲಿ’ ಎಂದು ನೆಪಗಳು ಒಂದರ ಹಿಂದೊಂದು ಹುಟ್ಟುತ್ತವೆ. ಬಾಕಿಗಾಗಿ ಮೇಸ್ತ್ರಿಯು ಹತ್ತು ಸಲ ಬಾಗಿಲಿಗೆ ಬರುತ್ತಾನೆ. ಹನ್ನೊಂದನೆಯ ಸಲಕ್ಕೆ ಬೇಸತ್ತು ಬರುವುದನ್ನೇ ಬಿಡುತ್ತಾನೆ. ಆಗ ಗೃಹಸ್ಥನು ತಾನು ಉಳಿಸಿದೆನೆಂದು ಮನಸ್ಸಿನಲ್ಲಿ ಲೆಕ್ಕ ಬರೆದುಕೊಳ್ಳುತ್ತಾನೆ. ಉಳಿತಾಯವೆಂದು ಬರೆದುಕೊಂಡ ಈ ಹಣವು ಶರಣರ ತಕ್ಕಡಿಯಲ್ಲಿ ಏನೆಂದು ತೂಗುವುದು?

ಷಟ್‌ಸ್ಥಲ ಮಾರ್ಗದಲ್ಲಿ ಭಕ್ತಸ್ಥಲದ ಮುಂದಿನದು ಮಾಹೇಶ್ವರಸ್ಥಲ. ಭಕ್ತನ ಶ್ರದ್ಧೆಯು ಅಲ್ಲಿ ನಿಷ್ಠೆಯಾಗಿ ಗಟ್ಟಿಗೊಳ್ಳಬೇಕು. ಆ ನಿಷ್ಠೆಯ ಗುರುತಾಗಿ ಪರಧನ, ಪರಸತಿ, ಪರದೈವಗಳನ್ನು ತೊರೆಯಬೇಕೆಂದು ಶರಣರು ಮತ್ತೆ ಮತ್ತೆ ಅಪ್ಪಣೆಗೈದಿದ್ದಾರೆ. ಪರಧನವೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಅನ್ಯರ ಪೆಟ್ಟಿಗೆ, ಅನ್ಯರ ಹೊಲ, ಅನ್ಯರ ಕಣಜ. ಅವನ್ನು ಮುಟ್ಟದಿದ್ದರೆ ತಾನು ಶುದ್ಧನೆಂದು ಗೃಹಸ್ಥನು ಸಮಾಧಾನ ತಾಳುತ್ತಾನೆ. ಆದರೆ ಪರಧನವು ಅನ್ಯರ ಪೆಟ್ಟಿಗೆಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಅದು ತನ್ನ ಪೆಟ್ಟಿಗೆಯಲ್ಲಿಯೂ ಇರಬಲ್ಲುದು. ಮೇಸ್ತ್ರಿಯು ಒಪ್ಪಿದ ಕೆಲಸವನ್ನು ಒಪ್ಪಿದಂತೆ ಮುಗಿಸಿ ಕರಣೆಯನ್ನು ತೊಳೆದಿಟ್ಟ ಗಳಿಗೆಯಲ್ಲಿಯೇ ಆ ಕೊನೆಯ ಕಂತು ಗೃಹಸ್ಥನದಾಗಿ ಉಳಿಯಲಿಲ್ಲ. ಬೀಗ ಅವನದು, ಕೀಲಿ ಅವನದು, ಒಳಗಿರುವ ಹಣ ಮಾತ್ರ ಅನ್ಯನದು. ಕದ್ದು ತಂದ ಪರಧನಕ್ಕೂ ಕೊಡದೆ ಉಳಿಸಿಕೊಂಡ ಪರಧನಕ್ಕೂ ಇರುವ ಅಂತರವಿಷ್ಟೆ: ಕಳ್ಳನು ರಾತ್ರಿ ಗೋಡೆ ಹಾರಬೇಕಾಗುತ್ತದೆ; ಇವನು ಹಗಲಿನಲ್ಲಿ ಜಗಲಿಯ ಮೇಲೆ ಕುಳಿತೇ ಇರಬಹುದು.

ಕಾಯಕಕ್ಕೆ ಸಲ್ಲುವ ಫಲದ ವಿಷಯದಲ್ಲಿ ಶರಣರು ಎಷ್ಟು ಸೂಕ್ಷ್ಮವಾಗಿ ನಡೆದರೆಂಬುದನ್ನು ನುಲಿಯ ಚಂದಯ್ಯನ ಕಥೆಯು ತಿಳಿಸುತ್ತದೆ. ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುವುದು ಆ ಶರಣನ ಕಾಯಕ. ಶೂನ್ಯಸಂಪಾದನೆಯು ಹೇಳುವಂತೆ, ಒಮ್ಮೆ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದಿತು. ಚಂದಯ್ಯನು ಕಾಯಕವನ್ನು ಬಿಡದೆ ಮುಂದೆ ನಡೆದನು. ಮಡಿವಾಳ ಮಾಚಯ್ಯನು ನಡುವೆ ಬಂದು ತಿಳಿಹೇಳಬೇಕಾಯಿತು. ಕೊನೆಗೆ ಲಿಂಗವೂ ಕಾಯಕವನ್ನು ಮಾಡಲೆಂದು, ಹಗ್ಗವನ್ನು ಮಾರಿಬರುವ ಕೆಲಸವು ಲಿಂಗಕ್ಕೇ ಬಿದ್ದಿತು. ಬಸವಣ್ಣನವರು ಆ ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಮಿಗಿಲಾದ ಹಣವನ್ನಿತ್ತಾಗ ಚಂದಯ್ಯನು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ಸಲ್ಲುವಷ್ಟೇ ತನಗೆ ಸಲ್ಲಬೇಕೆಂದನು.

ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇದೇ ತತ್ತ್ವವನ್ನು ಹೇಳುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಪತಿ ಮಾರಯ್ಯನ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಅವನು ತಂದಾಗ ಆ ಸಾಧ್ವಿಯು ಹಿಗ್ಗಲಿಲ್ಲ. ಇದು ಆಸೆಯ ಅಕ್ಕಿಯೆಂದು ಕಂಡು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿದಳು.

ಈ ಎರಡು ಕಥೆಗಳನ್ನು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗದ ಭಕ್ತರಿಲ್ಲ. ಆದರೆ ಅವು ಕೊಳ್ಳುವವನಿಗೆ ಮಾತ್ರ ಹೇಳಿದ ಮಾತುಗಳೆಂದು ತಿಳಿಯುವುದು ಅರ್ಧ ತಿಳಿವಳಿಕೆ. ಕಾಯಕಕ್ಕೆ ಒಂದು ಅಳತೆಯುಂಟು. ಆ ಅಳತೆಯನ್ನು ಮೀರಿ ತೆಗೆದುಕೊಳ್ಳುವುದು ಹೇಗೆ ದೋಷವೋ, ಆ ಅಳತೆಗೆ ಕಡಿಮೆಯಾಗಿ ಕೊಡುವುದೂ ಹಾಗೆಯೇ ದೋಷ. ಸಲ್ಲುವುದಕ್ಕಿಂತ ಒಂದು ಹಿಡಿ ಹೆಚ್ಚು ಅಕ್ಕಿಯನ್ನು ಒಳಗೆ ಬಿಟ್ಟುಕೊಳ್ಳದ ಲಕ್ಕಮ್ಮನ ಮನೆಯೆಲ್ಲಿ, ಅನ್ಯನಿಗೆ ಸಲ್ಲುವುದನ್ನು ಒಳಗೇ ಇಟ್ಟುಕೊಂಡು ಬಾಗಿಲಿಕ್ಕಿದ ಮನೆಯೆಲ್ಲಿ!

ಇಲ್ಲಿ ಗೃಹಸ್ಥನು ಒಂದು ಆಕ್ಷೇಪವನ್ನೆತ್ತುವನು, ಅದನ್ನು ಅಲ್ಲಗಳೆಯಲಾಗದು. ‘ಕೆಲಸ ಕೆಟ್ಟಿದ್ದರೂ ಕೊಡಬೇಕೇ? ಮುಂಗಡ ತೆಗೆದುಕೊಂಡು ಬೇರೊಂದು ಮನೆಯ ಕೆಲಸಕ್ಕೆ ಹೋದವನಿಗೂ ಕೊಡಬೇಕೇ?’ ಎಂಬುದು ಆ ಆಕ್ಷೇಪ. ಕೊಡಬೇಕೆಂದು ಧರ್ಮವು ಹೇಳುವುದಿಲ್ಲ. ಕಾಯಕವೆಂದರೆ ಸತ್ಯಶುದ್ಧವಾದ ಕೆಲಸ. ಮರಳಿಗೆ ಸಿಮೆಂಟನ್ನು ಕಡಿಮೆ ಬೆರೆಸಿದವನು, ಒಪ್ಪಿದ ಸಾಮಗ್ರಿಯನ್ನು ಬದಲಿಸಿದವನು, ಹಣ ಪಡೆದು ಕಣ್ಮರೆಯಾದವನು ತನ್ನ ಕಾಯಕವನ್ನು ತಾನೇ ಕೆಡಿಸಿಕೊಂಡವನು. ಅವನೂ ಲಕ್ಕಮ್ಮನ ಮಾತನ್ನು ಕೇಳಬೇಕಾದವನೇ. ಸರ್ಕಾರಿ ಕಾಮಗಾರಿಗಳಲ್ಲಿ ಕೂಡ ಗುತ್ತಿಗೆದಾರನ ಬಿಲ್ಲಿನಿಂದ ಒಂದು ಪಾಲನ್ನು ಹಿಡಿದಿಟ್ಟು, ದೋಷಕ್ಕೆ ಹೊಣೆಯಾಗುವ ಅವಧಿಯು ಕಳೆದ ಮೇಲೆ ಹಿಂದಿರುಗಿಸುವ ಪದ್ಧತಿಯಿದೆ. ಆದರೆ ಅಲ್ಲಿ ಹಿಡಿಯುವ ಪಾಲೆಷ್ಟು, ಹಿಂದಿರುಗಿಸುವುದು ಎಂದು ಎಂಬುದನ್ನು ಕೆಲಸಕ್ಕೆ ಮೊದಲೇ ಬರೆದಿಡಲಾಗುತ್ತದೆ. ಇಬ್ಬರೂ ಅದಕ್ಕೆ ಒಪ್ಪಿರುತ್ತಾರೆ. ಆದ್ದರಿಂದ ಹಣವನ್ನು ತಡೆಹಿಡಿಯುವುದೆಲ್ಲ ಪಾಪವಲ್ಲ. ಯಾವ ಕಾರಣಕ್ಕೆ, ಎಷ್ಟು, ಎಲ್ಲಿಯವರೆಗೆ ಎಂಬ ಮೂರರಲ್ಲಿ ಧರ್ಮಾಧರ್ಮಗಳ ವಿವೇಕವಿದೆ.

ಒಂದು ಲೆಕ್ಕವನ್ನು ದೃಷ್ಟಾಂತವಾಗಿ ನೋಡಬಹುದು. ಗುತ್ತಿಗೆಯು 4,00,000 ರೂಪಾಯಿಗಳೆಂದೂ, ಸಂದುದು 3,40,000 ರೂಪಾಯಿಗಳೆಂದೂ, ಬಾಕಿ 60,000 ರೂಪಾಯಿಗಳೆಂದೂ ಇಟ್ಟುಕೊಂಡರೆ. ಬಚ್ಚಲ ನೆಲದ ವಾಟ ಸರಿಯಿಲ್ಲದೆ ನೀರು ಮೂಲೆಯಲ್ಲಿ ನಿಲ್ಲುವುದು ನಿಜವೆಂದೂ, ಅದನ್ನು ಕಿತ್ತು ಸರಿಪಡಿಸಲು 8,000 ರೂಪಾಯಿಗಳು ಬೇಕೆಂದೂ ಕಂಡರೆ, ಗೃಹಸ್ಥನು ನ್ಯಾಯವಾಗಿ ತಡೆಹಿಡಿಯಬಹುದಾದುದು ಆ 8,000 ರೂಪಾಯಿಗಳನ್ನು. ಉಳಿದ 52,000 ರೂಪಾಯಿಗಳು ತಾರಸಿಗೂ ಗೋಡೆಗೂ ಪಡಸಾಲೆಗೂ ಸಂದವು; ಅವುಗಳಲ್ಲಿ ದೋಷವಿಲ್ಲ. ಮೂಲೆಯಲ್ಲಿ ನಿಂತ ನೀರನ್ನು ಮುಂದಿಟ್ಟುಕೊಂಡು 60,000 ರೂಪಾಯಿಗಳನ್ನೂ ಕಟ್ಟಿಟ್ಟುಕೊಂಡರೆ, 8,000ಕ್ಕೆ ನ್ಯಾಯದ ಆಧಾರವುಂಟು, 52,000ಕ್ಕೆ ಲೋಭವಲ್ಲದೆ ಬೇರೆ ಆಧಾರವಿಲ್ಲ. ಮೇಸ್ತ್ರಿಯು ಬಂದು ವಾಟವನ್ನು ಸರಿಪಡಿಸಿದ ದಿನವೇ ಆ 8,000ವೂ ಅವನದಾಗುತ್ತದೆ.

ದೋಷವು ಯಾರದೆಂಬುದನ್ನು ಕೂಡ ಲಿಂಗಸಾಕ್ಷಿಯಾಗಿ ವಿಚಾರಿಸಬೇಕು. ತಾರಸಿಯ ಕಾಂಕ್ರೀಟಿಗೆ ನೀರುಣಿಸುವ ಕೆಲಸವನ್ನೇ ತೆಗೆದುಕೊಳ್ಳಬಹುದು. 2000ನೆಯ ಇಸವಿಯ ಭಾರತೀಯ ಮಾನಕ 456ರ ಪ್ರಕಾರ ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿನ ಕಾಂಕ್ರೀಟು ಕನಿಷ್ಠ 7 ದಿನಗಳು, ಹಾರುಬೂದಿ ಮೊದಲಾದುವನ್ನು ಬೆರೆಸಿದ ಸಿಮೆಂಟಿನದು ಕನಿಷ್ಠ 10 ದಿನಗಳು ಒದ್ದೆಯಾಗಿರಬೇಕು. ಎಷ್ಟೋ ಮನೆಗಳಲ್ಲಿ ‘ನೀರು ಹಾಕುವುದನ್ನು ಮನೆಯವರೇ ನೋಡಿಕೊಳ್ಳುತ್ತೇವೆ’ ಎಂದು ಗೃಹಸ್ಥನೇ ಆ ಭಾರವನ್ನು ಹೊತ್ತು ಕೂಲಿಯನ್ನು ಕಡಿಮೆ ಮಾಡಿಸಿಕೊಳ್ಳುತ್ತಾನೆ. ಮೂರು ದಿನ ಹಾಕಿ ನಾಲ್ಕನೆಯ ದಿನ ಮರೆಯುತ್ತಾನೆ. ಬಿಸಿಲಿಗೆ ತಾರಸಿಯು ಕೂದಲೆಳೆಯಂತೆ ಬಿರಿದಾಗ ಬೆರಳು ಮಾತ್ರ ಮೇಸ್ತ್ರಿಯ ಕಡೆ ತಿರುಗುತ್ತದೆ. ಮಣ್ಣಿನಲ್ಲಿ ಕಟ್ಟಿದ ಹಳೆಯ ಗೋಡೆಯು ನೆಲದ ತೇವವನ್ನು ಮೇಲಕ್ಕೆಳೆದುಕೊಂಡು ಹೊಸ ಗಿಲಾವನ್ನು ಉದುರಿಸುವುದೂ ಉಂಟು. ಗೋಡೆಯನ್ನು ಬದಲಿಸಬೇಕೆಂದು ಮೇಸ್ತ್ರಿಯು ಮೊದಲೇ ಹೇಳಿದಾಗ ಖರ್ಚಿಗೆ ಹೆದರಿ ಬೇಡವೆಂದವನು ಗೃಹಸ್ಥನೇ ಆಗಿದ್ದರೆ, ಆ ಉದುರಿದ ಗಿಲಾವು ಯಾರ ಲೆಕ್ಕಕ್ಕೆ? ಅನ್ಯನ ದೋಷವನ್ನು ಅಳೆಯುವ ಮೊದಲು ತನ್ನ ಪಾಲನ್ನು ಕಳೆದು ಅಳೆಯುವುದೇ ಸದಾಚಾರ.

ಇನ್ನು, ತಡೆಹಿಡಿದ ಹಣವು ಮೇಸ್ತ್ರಿಯೊಬ್ಬನನ್ನೇ ತಟ್ಟುವುದೆಂದು ತಿಳಿಯಬಾರದು. ಗೃಹಸ್ಥನು ಎದುರಿಗೆ ಕಾಣುವುದು ಬೈಕಿನ ಮೇಲೆ ಬರುವ ಮೇಸ್ತ್ರಿಯನ್ನು. ಅವನ ಹಿಂದೆ ಗಾರೆಯವನು, ಬಡಗಿ, ಸೆಂಟ್ರಿಂಗ್ ಹಲಗೆಯವನು, ಬಣ್ಣದವನು, ಬಾಂಡಲಿಯಲ್ಲಿ ಗಾರೆ ಹೊತ್ತು ಏಣಿ ಹತ್ತಿದ ಹೆಂಗಸರು ನಿಂತಿದ್ದಾರೆ. ವಾರಕ್ಕೊಮ್ಮೆ ಬಟವಾಡೆಯಾದರೆ ಅವರ ಸಂತೆ. ಸಂತೆಯಾದರೆ ಅವರ ಒಲೆ. ಮೇಲಿನಿಂದ ಬರುವ ಕಂತು ನಿಂತರೆ ಮೇಸ್ತ್ರಿಯು ಬಡ್ಡಿಗೆ ಸಾಲ ತಂದು ಬಟವಾಡೆ ಮಾಡಬೇಕು, ಇಲ್ಲವೇ ‘ಮನೆಯ ಧಣಿ ಕೊಟ್ಟಿಲ್ಲ, ಮುಂದಿನ ವಾರ ಬಾ’ ಎಂದು ಅವರನ್ನು ತಿರುಗಿಸಬೇಕು. ಹಾಗೆ ತಿರುಗಿ ಹೋಗುವವಳು ಗೃಹಸ್ಥನ ಹೆಸರನ್ನು ಕೂಡ ಅರಿಯಳು. ಅವಳ ಮನೆಯ ಒಲೆಯು ಆ ರಾತ್ರಿ ಹೊತ್ತಲಿಲ್ಲವೆಂಬುದು ಗೃಹಸ್ಥನಿಗೆ ತಿಳಿಯದು; ಲಿಂಗವು ಅದನ್ನು ಅರಿಯದೆ ಇರುವುದೇ?

ಕಟ್ಟುವವರ ಕಾಯಕವನ್ನು ಕೀಳೆಂದು ಬಗೆಯುವುದಕ್ಕೆ ಶರಣಧರ್ಮದಲ್ಲಿ ಎಡೆಯಿಲ್ಲ. ಬಾಚಿಯನ್ನು ಹಿಡಿದು ಮರ ಕೆತ್ತಿದ ಬಾಚಿಕಾಯಕದ ಬಸವಯ್ಯನು ವಚನಕಾರರ ಸಾಲಿನಲ್ಲಿ ಕುಳಿತವನು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ, ದೇಗುಲಗಳನ್ನೆತ್ತಿಸಿದ ಕರ್ಮಯೋಗಿಗಳು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಒಡ್ಡನೆಂದು ಕರೆದಾಗ, ಅಲ್ಲಿ ದುಡಿಯುತ್ತಿದ್ದ ಕೆಲಸಗಾರರು ಕೆರಳಿ ಕಲ್ಲೆಸೆದರೆಂದು ಶೂನ್ಯಸಂಪಾದನೆಯಲ್ಲಿದೆ. ಪ್ರಭುದೇವರ ನಿಲುವು ಏನೆಂಬ ತತ್ತ್ವವಿಚಾರ ಬೇರೆ. ಮಣ್ಣು ಹೊರುವವರು ತಮ್ಮ ಗುರುವಿನ ಮೇಲೆ ಅಷ್ಟು ಪ್ರಾಣವಿಟ್ಟಿದ್ದರೆಂಬುದು ಆ ಪ್ರಸಂಗದಲ್ಲಿ ಎದ್ದು ಕಾಣುವ ಸಂಗತಿ. ಇಂದಿಗೂ ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಕಲ್ಲು ಹೊತ್ತವರಿಂದ ಅಂತಹ ಪ್ರೀತಿಯನ್ನು ಪಡೆದ ಗುರುವಿನ ಪರಂಪರೆಗೆ ಸೇರಿದವನ ಬಾಗಿಲಲ್ಲಿ, ಕಲ್ಲು ಹೊತ್ತವನು ತನ್ನದನ್ನೇ ಬೇಡುತ್ತ ನಿಲ್ಲಬೇಕೇ?

ಎಲ್ಲಕ್ಕಿಂತ ಶೋಚನೀಯವಾದುದು ಮತ್ತೊಂದಿದೆ. ಮೇಸ್ತ್ರಿಗೆ ಬಾಕಿಯಿಟ್ಟು ಆ ಹಣದಿಂದಲೇ ವಿಜೃಂಭಣೆಯ ಗೃಹಪ್ರವೇಶವನ್ನು ಮಾಡಿ, ಸ್ವಾಮಿಗಳ ಪಾದಪೂಜೆ ನಡೆಸಿ, ನೂರಾರು ಜನರಿಗೆ ಪ್ರಸಾದದ ವ್ಯವಸ್ಥೆ ಮಾಡುವವರಿದ್ದಾರೆ. ದಾಸೋಹವಾಯಿತೆಂದು ಅವರ ಭಾವನೆ. ತನು, ಮನ, ಧನಗಳನ್ನು ಗುರು, ಲಿಂಗ, ಜಂಗಮಕ್ಕೆ ಸಲ್ಲಿಸುವುದು ದಾಸೋಹ; ಆ ಧನವು ತನ್ನದಾಗಿರಬೇಕಾದುದು ಅದರ ಮೊದಲ ಕಟ್ಟಳೆ. ತನ್ನದಲ್ಲದುದನ್ನು ಸಲ್ಲಿಸಿದವನು ದಾಸೋಹಿಯಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಾರೆಂದು ಕೊಂಡೆಯರು ದೂರಿದರು. ಭಂಡಾರವನ್ನು ತೆರೆದು ಎಣಿಸಿದಾಗ ಒಂದು ಕಾಸೂ ಕಡಿಮೆಯಿರಲಿಲ್ಲವೆಂದು ಬಸವಪುರಾಣವು ವರ್ಣಿಸುತ್ತದೆ. 1369ರಲ್ಲಿ ಭೀಮಕವಿಯು ಅದನ್ನು ಕನ್ನಡದಲ್ಲಿ ರಚಿಸಿದಂದಿನಿಂದ ಊರೂರ ಮಠಗಳಲ್ಲಿ ಆ ಪ್ರಸಂಗವನ್ನು ಓದುತ್ತ ಬಂದಿದ್ದಾರೆ. ಅದನ್ನು ಪವಾಡವೆಂದು ಕೇಳಿ ಕೈಮುಗಿಯುವುದು ಸುಲಭ. ಭಕ್ತನ ಭಂಡಾರವನ್ನು ಯಾವ ಹೊತ್ತಿನಲ್ಲಿ ಯಾರು ತೆರೆದು ಎಣಿಸಿದರೂ ಅನ್ಯರದು ಅನ್ಯರಿಗೆ ಸಂದಿರಬೇಕೆಂಬುದು ಅದರ ಉಪದೇಶ.

ಲೋಕದ ಕಾನೂನೂ ಇಲ್ಲಿ ಮೂಕವಾಗಿಲ್ಲ. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ಇನ್ನೊಬ್ಬನಿಗಾಗಿ ನ್ಯಾಯವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಉಂಡವನು ಅದಕ್ಕೆ ಪ್ರತಿಫಲ ಕೊಡಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮದ 70ನೆಯ ಕಲಮು ವಿಧಿಸುತ್ತದೆ; ಬರಹದ ಕರಾರಿಲ್ಲವೆಂಬ ಮಾತ್ರಕ್ಕೆ ಗೃಹಸ್ಥನು ತಪ್ಪಿಸಿಕೊಳ್ಳಲಾರನು. ಅಂತೆಯೇ ಕೆಟ್ಟ ಕೆಲಸದಿಂದ ನೊಂದ ಗೃಹಸ್ಥನಿಗೂ ಅದೇ ಅಧಿನಿಯಮದ 73ನೆಯ ಕಲಮಿನ ಆಸರೆಯುಂಟು. ಮನೆ ಕಟ್ಟುವ ಸೇವೆಯ ನ್ಯೂನತೆಗೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯೂ ಉಂಟು. ದಾರಿಯಿರುವಾಗ ಅನ್ಯನ ಕೂಲಿಯನ್ನು ಒತ್ತೆಯಾಳಾಗಿ ಹಿಡಿಯುವ ಅಗತ್ಯವೇನು? ಪಾವತಿಯ ಕಾಲವನ್ನು ಗೊತ್ತುಪಡಿಸದೆ ಮಾಡಿಸಿಕೊಂಡ ಕೆಲಸದ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಅಧಿನಿಯಮವು ಕೆಲಸ ಮುಗಿದಂದಿನಿಂದ ಮೂರು ವರ್ಷಗಳ ಅವಧಿಯನ್ನಿತ್ತಿದೆ. ಮೂರು ವರ್ಷ ತಳ್ಳಿದರೆ ಗೆದ್ದೆನೆಂದು ತಿಳಿಯುವ ಗೃಹಸ್ಥನು ನ್ಯಾಯಾಲಯದ ಕಾಲಮಿತಿಯನ್ನೇ ಧರ್ಮದ ಕಾಲಮಿತಿಯೆಂದು ಭ್ರಮಿಸಿದವನು. ಋಣಕ್ಕೆ ಮುಪ್ಪಿಲ್ಲ.

ಹಾಗಾದರೆ ಸದ್ಭಕ್ತನು ನಡೆಯಬೇಕಾದ ಕ್ರಮವೇನು? ಕೆಲಸಕ್ಕೆ ಮೊದಲೇ ಏನು ಮಾಡಬೇಕು, ಯಾವ ಸಾಮಗ್ರಿ, ಎಷ್ಟು ಚದರಡಿ, ಎಷ್ಟು ಹಣ, ಯಾವ ಹಂತಕ್ಕೆ ಯಾವ ಕಂತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಮಾಡಬೇಕು. ನಡುವೆ ಕೆಲಸವನ್ನು ಹೆಚ್ಚಿಸಿದರೆ ಹಣವನ್ನೂ ಅಂದೇ ಬರೆಯಬೇಕು. ‘ಇದೊಂದು ಸಣ್ಣ ಕೆಲಸ, ಮಾಡಿಬಿಡಪ್ಪ’ ಎಂದು ಬಾಯಿಮಾತಿನಲ್ಲಿ ಮಾಡಿಸಿಕೊಂಡ ಹತ್ತು ಸಣ್ಣ ಕೆಲಸಗಳಿಂದಲೇ ದೊಡ್ಡ ಜಗಳಗಳು ಹುಟ್ಟುವುವು. ಮಾಡಿದ ಕೆಲಸಕ್ಕಿಂತ ಬಹಳ ಮುಂದೆ ಹಣವನ್ನು ಕೊಡಬಾರದು, ಹಿಂದಕ್ಕೂ ಬೀಳಬಾರದು. ಕೆಲಸ ಮುಗಿದಾಗ ಇಬ್ಬರೂ ಕೂಡಿ ಮನೆಯನ್ನು ಸುತ್ತಿ, ನ್ಯೂನತೆಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಬೆಲೆ ಕಟ್ಟಬೇಕು. ಒಮ್ಮತವಾಗದಿದ್ದರೆ ಆ ಕೆಲಸವನ್ನು ಬಲ್ಲ ಮೂರನೆಯವರೊಬ್ಬರ ಮಾತನ್ನು ಇಬ್ಬರೂ ಒಪ್ಪಬೇಕು. ನ್ಯೂನತೆಯ ಬೆಲೆಯಷ್ಟನ್ನು, ಸರಿಪಡಿಸುವ ದಿನವನ್ನು ಗೊತ್ತುಮಾಡಿ, ಉಳಿಸಿಕೊಂಡು ಮಿಕ್ಕುದನ್ನು ಅಂದೇ ಸಲ್ಲಿಸಬೇಕು. ಕೈಯಲ್ಲಿ ಹಣವೇ ಇಲ್ಲವಾದರೆ ನ್ಯೂನತೆಯ ಸುಳ್ಳನ್ನು ಹೂಡದೆ, ‘ಹಣವಿಲ್ಲ, ಇಂಥ ದಿನ ಕೊಡುವೆ’ ಎಂದು ನಿಜವನ್ನಾಡಿ ಆ ದಿನಕ್ಕೆ ತಪ್ಪದಿರಬೇಕು. ಗೃಹಪ್ರವೇಶದ ಲೆಕ್ಕದಲ್ಲಿ ಹೂವು, ವಾದ್ಯ, ಊಟಗಳಿಗಿಂತ ಮೊದಲ ಸಾಲಿನಲ್ಲಿ ಬಾಕಿಯ ಪಾವತಿಯಿರಬೇಕು. ಆ ದಿನ ಮನೆ ಕಟ್ಟಿದವರನ್ನೂ ಕರೆದು, ಪಂಕ್ತಿಯಲ್ಲಿ ಕುಳ್ಳಿರಿಸಿ ಪ್ರಸಾದ ನೀಡುವುದು ಭೃತ್ಯಾಚಾರದ ನಡೆ. ಲಿಂಗಭಕ್ತನು ಎಲ್ಲರಿಗೂ ತಾನೇ ಕಿರಿಯನೆಂದು ನಡೆಯಬೇಕೆಂಬುದಲ್ಲವೇ ಅದರ ಸಾರ?

ಗುತ್ತಿಗೆ ಹಿಡಿಯುವ ಭಕ್ತರೂ ಈ ಮಾತಿನ ಹೊರಗಿಲ್ಲ. ಧಣಿಯಿಂದ ಬಂದ ಹಣದಲ್ಲಿ ಕೂಲಿಯವರ ಪಾಲನ್ನು ಮೊದಲು ಎಣಿಸಿಟ್ಟು ತಮ್ಮ ಲಾಭವನ್ನು ಆಮೇಲೆ ನೋಡಬೇಕು. ತಮಗೆ ಬರಬೇಕಾದುದಕ್ಕೆ ಕೂಗಾಡುತ್ತ, ತಾವು ಕೊಡಬೇಕಾದುದಕ್ಕೆ ಮುಖ ತಪ್ಪಿಸುವವನೂ ಪರಧನದ ದೋಷಕ್ಕೆ ಗುರಿಯಾಗುತ್ತಾನೆ.

ಲಿಂಗಾಯತ ಗೃಹಸ್ಥನು ಪ್ರತಿದಿನವೂ ಇಷ್ಟಲಿಂಗವನ್ನು ಎಡಗೈಯ ಕರಸ್ಥಲದಲ್ಲಿರಿಸಿಕೊಂಡು ಅನಿಮಿಷ ದೃಷ್ಟಿಯಿಂದ ನೋಡುತ್ತಾನೆ. ದುಡಿದವನ ಹಣವನ್ನು ಬಿಗಿಹಿಡಿದು ಕೊಡಲೊಲ್ಲದೆ ಇದ್ದುದೂ ಅದೇ ಕೈ. ಮುಷ್ಟಿಯಾಗಿ ಬಿಗಿದಿರುವ ಅಂಗೈಯಲ್ಲಿ ಲಿಂಗಕ್ಕೆ ಪೀಠವಾಗುವಷ್ಟು ಎಡೆಯಿಲ್ಲ; ಕೈ ತೆರೆಯಬೇಕು. ಯಾರದಾದರೂ ಬಾಕಿಯು ಮನೆಯಲ್ಲಿ ಉಳಿದಿದ್ದರೆ, ಅವರು ಮತ್ತೆ ಬಂದು ಬಾಗಿಲು ತಟ್ಟುವವರೆಗೆ ಕಾಯದೆ, ಅವರ ಮನೆಯನ್ನು ಹುಡುಕಿಕೊಂಡು ಹೋಗಿ ಸಲ್ಲಿಸಿ ಬಂದು, ಆಮೇಲೆ ಸದ್ಭಕ್ತರು ಪೂಜೆಗೆ ಕುಳಿತುಕೊಳ್ಳಲಿ. ಆ ದಿನದ ಪೂಜೆಯು ಲಿಂಗಕ್ಕೆ ಸಲ್ಲುವುದು. ಆ ಮನೆಯ ಒಲೆಯ ಮೇಲೆ ಬೆಂದುದು ಪ್ರಸಾದವಾಗುವುದು.